ಡಿಲ್ಯಾಮಿನೇಷನ್ ಅಂದರೆ ಲಡ್ಡು ಅಲ್ಲ

ತೀರ್ಥಹಳ್ಳಿ ಕಡೆ ನಮ್ಮ ಭಾವನ ತೋಟದಲ್ಲಿ ಒಂದು ಹಳೇ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ನಿಂತಿದೆ. ನೆಂಟರು ಬಂದರೆ ಮಲಗುವುದು ಅಲ್ಲೇ. ಕಳೆದ ಮಳೆಗಾಲ ಮುಗಿದ ಮೇಲೆ ಹತ್ತಿ ನೋಡಿದರೆ, ಬಾಗಿಲ ಹತ್ತಿರ ಕಾಲಿಟ್ಟಲ್ಲೆಲ್ಲ ನೆಲ ತಗ್ಗುತ್ತಿತ್ತು. "ಲಡ್ಡು ಹಿಡಿದಿದೆ ಮಾರಾಯ, ಪೂರ್ತಿ ಕಿತ್ತು ಹಾಕಬೇಕು" ಅಂದರು ಭಾವ. ಲಡ್ಡು ಅಂದರೆ ತೇವಕ್ಕೆ ಮರ ಕೊಳೆತು ಮೆತ್ತಗಾಗುವುದು. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಇಂಥ ಊರಲ್ಲಿ ಮರ ಮೆತ್ತಗಾದರೆ ಮೊದಲು ನೆನಪಾಗುವುದು ಲಡ್ಡೇ. ಆದರೆ ಅಲ್ಲಿ ಆಗಿದ್ದು ಡಿಲ್ಯಾಮಿನೇಷನ್.

ಲ್ಯಾಟಿನ್ ಭಾಷೆಯ 'ಲ್ಯಾಮಿನಾ' ಅಂದರೆ ತೆಳು ತಗಡು, ಪದರ. ಪದರಗಳನ್ನು ಅಂಟಿಸಿ ಒಂದು ಮಾಡಿದರೆ ಲ್ಯಾಮಿನೇಷನ್. ಅಂಟು ಸೋತು ಅವು ಬೇರೆಯಾದರೆ ಡಿಲ್ಯಾಮಿನೇಷನ್. 'ಪದರ ಬಿಟ್ಟಿದೆ' ಅನ್ನುತ್ತೇವಲ್ಲ, ಅದೇ. ನನಗೆ ಈ ಮಾತೇ ಜಾಸ್ತಿ ಇಷ್ಟ. ಲಡ್ಡು ಹಿಡಿದರೆ ಕೆಡುವುದು ಮರ. ಪದರ ಬಿಟ್ಟರೆ ಹೋಗುವುದು ಹಿಡಿತ ಮಾತ್ರ.

ಬಹಳಷ್ಟು ಕ್ಯಾರವಾನ್‌ಗಳ ನೆಲ ಮೂರು ಪದರದ್ದು. ಮೇಲೆ ಕೆಳಗೆ ತೆಳು ಪ್ಲೈವುಡ್, ನಡುವೆ ಥರ್ಮೋಕೋಲಿನಂಥ ಫೋಮ್, ಅಲ್ಲಲ್ಲಿ ಮರದ ಪಟ್ಟಿ. ಗಾಡಿ ಹಗುರ ಇರಬೇಕಲ್ವಾ, ಅದಕ್ಕೆ. ಇಷ್ಟು ತೆಳು ನೆಲ ನಮ್ಮ ಭಾರ ಹೊರುವುದು ಅಂಟಿನಿಂದ. ಕಾಲುಸಂಕಕ್ಕೆ ಹಾಕುವ ಅಡಿಕೆ ದಬ್ಬೆ ನೆನಪಿಸಿಕೊಳ್ಳಿ. ಒಂದೇ ದಪ್ಪದ ಎರಡು ಹಲಗೆಗಳನ್ನು ಸುಮ್ನೆ ಒಂದರ ಮೇಲೊಂದು ಇಟ್ಟರೆ, ತುಳಿದಾಗ ಒಂದರ ಮೇಲೊಂದು ಜಾರುತ್ತಾ ಎರಡೂ ಬಾಗುತ್ತವೆ. ಗಟ್ಟಿಯಾಗಿ ಅಂಟಿಸಿದರೆ ಜಾರಲು ಆಗುವುದಿಲ್ಲ, ಬಿಗಿ ನಾಲ್ಕು ಪಟ್ಟು ಹೆಚ್ಚುತ್ತದೆ. ಅಂಟು ಬಿಟ್ಟ ನೆಲ ಈ ಬಿಗಿಯನ್ನೇ ಕಳೆದುಕೊಂಡಿರುತ್ತದೆ. ಬಾಗಿಲ ಬಳಿ, ಒಲೆ ಮುಂದೆ ತುಳಿತ ಜಾಸ್ತಿ. ಹಾಗಾಗಿ ಮೊದಲು ಮೆತ್ತಗಾಗುವುದು ಅಲ್ಲೇ, ಒಂದು ಹನಿ ನೀರು ಸೋರದಿದ್ದರೂ.

ಯಾವುದು ಅಂತ ತಿಳಿಯಲು ಗಾಡಿಯ ಕೆಳಗೆ ನುಸುಳಿ ಉಳಿಯ ಮೊನೆಯಿಂದ ಒತ್ತಿ. ಮರ ಒಣಗಿದ್ದು, ಮೊನೆ ಇಳಿಯದಿದ್ದರೆ, ಮೇಲೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ. ಮರ ಕಪ್ಪಾಗಿ, ಬೂಸ್ಟು ವಾಸನೆ ಬಂದು, ಮೊನೆ ಸಲೀಸಾಗಿ ಇಳಿದರೆ ಲಡ್ಡು.

ಪದರ ಬಿಟ್ಟಿದ್ದಕ್ಕೆ ನೆಲ ಕೀಳಬೇಕಿಲ್ಲ. ನಾವು ಜನವರಿಯ ಒಣ ಹವೆ ಬರುವವರೆಗೆ ಕಾದೆವು. ಸುಮಾರು 10 ಸೆಂಟಿಮೀಟರಿಗೊಂದು ಸಣ್ಣ ತೂತು ಕೊರೆದೆವು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ, ಕೆಳಗಿನ ಪ್ಲೈವುಡ್ ತೂತಾಗಬಾರದು. ತೆಳುವಾದ ಎಪಾಕ್ಸಿಯನ್ನು (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಸಿರಿಂಜಿನಿಂದ, ಪಕ್ಕದ ತೂತಿನಲ್ಲಿ ಉಕ್ಕುವವರೆಗೆ ತುಂಬಬೇಕು. ಬೇರೆ ಅಂಟು ಬೇಡ. ಥಿನ್ನರ್ ಇರುವ ಅಂಟು ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಎಪಾಕ್ಸಿಯನ್ನೂ ಸ್ವಲ್ಪ ಸ್ವಲ್ಪವೇ ಕಲಸಿ, ಜಾಸ್ತಿ ಕಲಸಿದರೆ ಬಿಸಿಯಾಗಿ ಡಬ್ಬದಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ತೂತುಗಳಿಗೆ ಮರದ ಗೂಟ ಹೊಡೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಹಲಗೆ ಇಟ್ಟು, ಅದರ ಮೇಲೆ ಅಕ್ಕಿ ಮೂಟೆ ಹೇರಿ ಒಂದು ದಿನ ಬಿಟ್ಟೆವು. ಮರುದಿನ ಗೂಟದ ತಲೆ ಕತ್ತರಿಸಿ ಉಜ್ಜಿದ್ದಾಯಿತು.

ಕಿಟಕಿ ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ಉಳಿ ಸೀದಾ ಒಳಗಿಳಿಯಿತು. ಅಲ್ಲಿ ಭಾವ ಹೇಳಿದ್ದೇ ನಿಜ. ಮೊದಲು ಕಿಟಕಿಯ ಸೋರಿಕೆ ನಿಲ್ಲಿಸಿ, ಆ ತುಂಡನ್ನು ಕತ್ತರಿಸಿ ತೆಗೆದು ಹೊಸ ಪ್ಲೈವುಡ್ ಕೂರಿಸಿದೆವು.