ಸ್ವಯಂಸೇವೆಯಿಂದ ನಮಗೇನು ದಕ್ಕುತ್ತದೆ: ಮೈಮನಸ್ಸಿನ ಲೆಕ್ಕ, ಉದ್ಯೋಗದ ಲೆಕ್ಕ

‘ಸ್ವಯಂಸೇವೆಯ ವೈಯಕ್ತಿಕ ಮತ್ತು ಔದ್ಯೋಗಿಕ ಪ್ರಯೋಜನಗಳನ್ನು ವಿವರಿಸಿ’ ಎಂದು ಪರೀಕ್ಷೆಯಲ್ಲಿ ಕೇಳಿದರೆ ಬಹಳಷ್ಟು ಉತ್ತರಗಳು ಆತ್ಮತೃಪ್ತಿ, ನಾಯಕತ್ವ ಗುಣ, ತಂಡಸ್ಫೂರ್ತಿ ಎಂಬ ಮೂರು ಮಾತಿನಲ್ಲಿ ಮುಗಿದುಹೋಗುತ್ತವೆ. ಮಾತುಗಳೇನೋ ಸುಳ್ಳಲ್ಲ. ಆದರೆ ವರ್ಷಕ್ಕೊಮ್ಮೆ ಟೀಶರ್ಟ್ ಹಾಕಿಕೊಂಡು ಗಿಡ ನೆಟ್ಟು ಬಂದವರಿಗೂ, ವಾರ ತಪ್ಪದೆ ಒಂದೇ ಶಾಲೆಗೆ ಹೋಗಿ ಲೆಕ್ಕ ಹೇಳಿಕೊಟ್ಟವರಿಗೂ ಸಿಗುವ ಫಲ ಒಂದೇ ಅಲ್ಲ. ಕೆಲಸದ ಸ್ವರೂಪ ಹೇಗಿದೆಯೋ ಫಲವೂ ಹಾಗೆ. ಈ ಟಿಪ್ಪಣಿ ಹೇಳುವುದು ಇಷ್ಟನ್ನೇ, ಆದರೆ ಲೆಕ್ಕಸಮೇತ.

ಮೊದಲು ಗಡಿ ಹಾಕಿಕೊಳ್ಳೋಣ. ಸ್ವಂತ ಇಚ್ಛೆಯಿಂದ, ಸಂಬಳವಿಲ್ಲದೆ, ಮನೆಯವರಲ್ಲದವರಿಗಾಗಿ ಮಾಡುವ ಕೆಲಸ ಸ್ವಯಂಸೇವೆ. ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಟ್ಟರೆ ಅದು ಸಂಬಳವಾಗುವುದಿಲ್ಲ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ಅಂಕಕ್ಕೆ ಸೇರಿದ್ದು, ಆದ್ದರಿಂದ ಈ ಲೆಕ್ಕಕ್ಕೆ ಬಾರದು. ಲಾಭಕ್ಕೆ ನಡೆಯುವ ಕಂಪನಿ ‘ಅನುಭವ ಆಗುತ್ತೆ’ ಎಂದು ಆರು ತಿಂಗಳು ದುಡಿಸಿಕೊಂಡರೆ ಅದಕ್ಕೆ ಬೇರೆ ಹೆಸರಿದೆ: ಬಿಟ್ಟಿ ಚಾಕರಿ.

ಆರೋಗ್ಯದ ಲೆಕ್ಕ, ಎಚ್ಚರಿಕೆಯಿಂದ

ಹಿರಿಯ ವಯಸ್ಸಿನವರ ಸ್ವಯಂಸೇವೆ ಮತ್ತು ಆಯುಷ್ಯದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು 2013ರಲ್ಲಿ ಮಾರಿಸ್ ಓಕುನ್ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದರು. ಸ್ವಯಂಸೇವಕರಲ್ಲಿ ಸಾವಿನ ಅಪಾಯ ಶೇ. 47ರಷ್ಟು ಕಡಿಮೆ ಕಂಡಿತು. ಆದರೆ ಗಟ್ಟಿಮುಟ್ಟಾಗಿ ಓಡಾಡುವವರೇ ತಾನೆ ಸ್ವಯಂಸೇವೆಗೆ ಹೊರಡುವುದು? ಮಂಡಿನೋವಿನಿಂದ ಮನೆಯಲ್ಲೇ ಕುಳಿತವರು ಬರುವುದಿಲ್ಲ. ವಯಸ್ಸು, ಮೊದಲಿನ ಆರೋಗ್ಯ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅಂತರ ಶೇ. 24ಕ್ಕೆ ಇಳಿಯಿತು. ಪರೀಕ್ಷೆಯಲ್ಲಿ ಈ ಎರಡೂ ಅಂಕಿಗಳನ್ನು ಬರೆಯಿರಿ. ಒಂದನ್ನೇ ಬರೆದರೆ ಅದು ಜಾಹೀರಾತು, ಎರಡನ್ನೂ ಬರೆದು ನಡುವಿನ ಕಾರಣ ಹೇಳಿದರೆ ಉತ್ತರ.

ಈ ಬಗೆಯ ಗೊಂದಲವನ್ನು ತಪ್ಪಿಸಲು ಚೀಟಿ ಎತ್ತಿದ ಹಾಗೆ ಗುಂಪು ಮಾಡಬೇಕು. ಕೆನಡಾದಲ್ಲಿ ಹನ್ನ ಶ್ರೈಯರ್ ಮತ್ತು ಸಂಗಡಿಗರು ಹಾಗೆ ಮಾಡಿದರು. ಹತ್ತನೇ ತರಗತಿಯ 106 ಮಕ್ಕಳಲ್ಲಿ ಒಂದು ಗುಂಪು ವಾರಕ್ಕೊಮ್ಮೆ, ಹತ್ತು ವಾರ, ಪ್ರಾಥಮಿಕ ಶಾಲೆಯ ಪುಟಾಣಿಗಳ ಜೊತೆ ಸ್ವಯಂಸೇವೆ ಮಾಡಿತು. ಇನ್ನೊಂದು ಗುಂಪು ತನ್ನ ಸರದಿಗಾಗಿ ಕಾಯಿತು. ಕೊನೆಯಲ್ಲಿ ಮೊದಲ ಗುಂಪಿನಲ್ಲಿ ಕೊಲೆಸ್ಟರಾಲ್, ಉರಿಯೂತದ ಸೂಚಕವಾದ ಐಎಲ್-6, ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಮೂರೂ ಕಡಿಮೆ ಇದ್ದವು. ಪರರ ಕಷ್ಟಕ್ಕೆ ಮಿಡಿಯುವ ಗುಣ ಯಾರಲ್ಲಿ ಹೆಚ್ಚು ಬೆಳೆದಿತ್ತೋ ಅವರಲ್ಲೇ ಇಳಿಕೆಯೂ ಹೆಚ್ಚು. ಈ ಫಲಿತಾಂಶ ಪ್ರಕಟವಾದದ್ದೂ 2013ರಲ್ಲೇ. ಗುಂಪು ಚಿಕ್ಕದು, ಅವಧಿ ಚಿಕ್ಕದು. ಆದರೂ ಕ್ರಮ ಗಟ್ಟಿಯಾದದ್ದು.

ಉದ್ದೇಶದ ವಿಷಯ ಇನ್ನೂ ಸ್ವಾರಸ್ಯ. ಸ್ವಯಂಸೇವೆಗೆ ಜನ ಯಾಕೆ ಬರುತ್ತಾರೆಂದು ಅಳೆಯಲು ಗಿಲ್ ಕ್ಲಾರಿ, ಮಾರ್ಕ್ ಸ್ನೈಡರ್ ಮೊದಲಾದವರು 1998ರಲ್ಲಿ 30 ವಾಕ್ಯಗಳ ಪ್ರಶ್ನಾವಳಿಯೊಂದನ್ನು ಕೊಟ್ಟರು. ಅದರಲ್ಲಿ ಆರು ಬಗೆಯ ಉದ್ದೇಶಗಳು, ಒಂದೊಂದಕ್ಕೆ ಐದು ವಾಕ್ಯ: ಮೌಲ್ಯ, ತಿಳಿವಳಿಕೆ, ಒಡನಾಟ, ಉದ್ಯೋಗ, ಮನಸ್ಸಿನ ಬೇಗುದಿಯಿಂದ ಬಿಡುಗಡೆ, ಸ್ವಾಭಿಮಾನದ ಏರಿಕೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1957ರಲ್ಲಿ ಹೈಸ್ಕೂಲು ಮುಗಿಸಿದವರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರ ಮಾಹಿತಿ ಬಳಸಿ ಸಾರಾ ಕಾನ್ರಾತ್ ತಂಡ 2004ರ ಉದ್ದೇಶಗಳನ್ನೂ 2008ರ ಹೊತ್ತಿಗೆ ಯಾರು ಬದುಕಿದ್ದರೆಂಬುದನ್ನೂ ಹೋಲಿಸಿತು. ಇತರರಿಗಾಗಿ ಹೋದವರಲ್ಲಿ ಸಾವಿನ ಪ್ರಮಾಣ ಕಡಿಮೆ. ತಮ್ಮ ಒಳಿತಿಗಾಗಿ ಹೋದವರಲ್ಲಿ, ಏನೂ ಮಾಡದವರಷ್ಟೇ. ಪ್ರಯೋಜನಗಳ ಬಗ್ಗೆ ಟಿಪ್ಪಣಿ ಬರೆಯುವವರಿಗೆ ಇದು ಸ್ವಲ್ಪ ಮುಜುಗರದ ಫಲಿತಾಂಶ, ಆದರೂ ಬಿಡುವಂತಿಲ್ಲ.

ಎಷ್ಟು ಗಂಟೆ?

ವಾರಕ್ಕೆ ಎರಡು ಗಂಟೆ, ಐವತ್ತು ವಾರ: ಒಟ್ಟು 100 ಗಂಟೆ. ಸಂಶೋಧನೆಗಳಲ್ಲಿ ಈ ಸಂಖ್ಯೆ ಮತ್ತೆ ಮತ್ತೆ ಸುಳಿಯುತ್ತದೆ. ಆಸ್ಟ್ರೇಲಿಯಾದ 64ರಿಂದ 68 ವರ್ಷದವರ ಅಧ್ಯಯನವೊಂದರಲ್ಲಿ ವರ್ಷಕ್ಕೆ 100ರಿಂದ 800 ಗಂಟೆ ಮಾಡುವವರ ಮನಸ್ಸಿನ ನೆಮ್ಮದಿ ಚೆನ್ನಾಗಿತ್ತು. ಅದಕ್ಕಿಂತ ಕಡಿಮೆ ಮಾಡುವವರಲ್ಲೂ ಹೆಚ್ಚು ಮಾಡುವವರಲ್ಲೂ ಇಳಿದಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುವುದಕ್ಕೆ ಇಲ್ಲೊಂದು ನಕ್ಷೆಯೇ ಇದೆ ಎನ್ನಿ.

ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಲೆಕ್ಕವೂ ಇದರ ಹತ್ತಿರವೇ ಬರುತ್ತದೆ: ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ವಿಶೇಷ ಶಿಬಿರ. 120ರಲ್ಲಿ 20 ಗಂಟೆ ಪರಿಚಯ ತರಬೇತಿ, 30 ಗಂಟೆ ಕಾಲೇಜು ಆವರಣದ ಕೆಲಸ, 70 ಗಂಟೆ ಊರಿನ ಕೆಲಸ. ಗಾಂಧಿ ಶತಮಾನೋತ್ಸವ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಇದಕ್ಕೆ ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅವರು ಆಗ ಬಳ್ಳಾರಿಯ ಸಂಸದರು. ಬೆಂಗಳೂರಿನ ಸಾಮಾಜಿಕ-ಆರ್ಥಿಕ ಸಂಶೋಧನೆಯ ಐಸೆಕ್ ಸಂಸ್ಥೆ ಕಟ್ಟಿದವರೂ ಅವರೇ. ಗಂಟೆಗಳ ಹಂಚಿಕೆ ಕಾಗದದ ಮೇಲೆ ಚೆನ್ನಾಗಿದೆ. ಕೆಡುವುದು ಎಲ್ಲಿ ಎಂದರೆ, ಊರಿನ 70 ಗಂಟೆಯನ್ನು ಕಾಲೇಜಿನ ಕಾರ್ಯಕ್ರಮಗಳಿಗೆ ಕುರ್ಚಿ ಹಾಕುವುದರಲ್ಲೋ ಜಾಥಾದಲ್ಲೋ ಕಳೆದು ಪುಸ್ತಕ ತುಂಬಿಸುವಲ್ಲಿ. ಗಂಟೆ ತುಂಬುತ್ತದೆ, ಒಂದೇ ಮನೆ, ಒಂದೇ ಮಗುವಿನ ಜೊತೆ ನಂಟು ಬೆಳೆಯುವುದಿಲ್ಲ.

ಒಂದು ಕೆಲಸವನ್ನು ಬಿಡಿಸಿ ನೋಡೋಣ: ಸ್ಕ್ರೈಬ್

ಕಣ್ಣು ಕಾಣದ ವಿದ್ಯಾರ್ಥಿ ಹೇಳುವ ಉತ್ತರವನ್ನು ಪರೀಕ್ಷೆಯಲ್ಲಿ ಬರೆದುಕೊಡುವ ಲಿಪಿಕಾರನ ಕೆಲಸವಿದು. ಪುಸ್ತಕದ ಭಾಷೆ ಏನೇ ಇರಲಿ, ಎಲ್ಲರೂ ‘ಸ್ಕ್ರೈಬ್’ ಎಂದೇ ಕರೆಯುತ್ತಾರೆ. ಕೌಶಲ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಿಕ್ಕಿಲ್ಲ.

ಸಮಯದಿಂದ ಶುರು ಮಾಡಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆ ಆಗುತ್ತದೆ. ಅರ್ಧ ಗಂಟೆ ಮೊದಲು ತಲುಪಬೇಕು, ಮುಗಿದ ಮೇಲೆ ಸಹಿ. ಅಂದರೆ ಅರ್ಧ ದಿನ ಪೂರ್ತಿ ಬೇಕು. ‘ಹನ್ನೆರಡಕ್ಕೆ ಕ್ಲಾಸಿದೆ’ ಎನ್ನುವವರು ಒಪ್ಪಿಕೊಳ್ಳಲೇಬಾರದು.

ಎರಡನೆಯದು ಅರ್ಹತೆ. ಅದೇ ಮಾರ್ಗಸೂಚಿಯಲ್ಲಿ, ಅಭ್ಯರ್ಥಿಯೇ ಸ್ಕ್ರೈಬ್ ಕರೆತಂದರೆ ಆತನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದಿತ್ತು. ಡಿಗ್ರಿ ಅಭ್ಯರ್ಥಿಗೆ ಡಿಗ್ರಿಯ ಗೆಳೆಯನೇ ಕೂರಲು ಹೋಗಿ ಬಾಗಿಲಲ್ಲಿ ತಡೆಯಲ್ಪಡುವುದು ಇಲ್ಲಿಯ ಸಾಮಾನ್ಯ ಎಡವಟ್ಟು. ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಆ ವರ್ಷದ ಪ್ರವೇಶಪತ್ರದ ಸೂಚನೆಯನ್ನೇ ಓದಿ. ಗುರುತಿನ ಚೀಟಿಯ ಮೂಲಪ್ರತಿ, ಫೋಟೊ, ಸಹಿ ಮಾಡಿದ ಘೋಷಣೆ ಹಿಂದಿನ ರಾತ್ರಿಯೇ ಚೀಲಕ್ಕೆ ಸೇರಲಿ.

ಸಾಧ್ಯವಾದರೆ ಒಂದೆರಡು ದಿನ ಮೊದಲೇ ಭೇಟಿಯಾಗಿ ಹಳೆಯ ಪ್ರಶ್ನೆಪತ್ರಿಕೆಯ ಅರ್ಧ ಪುಟ ಅಭ್ಯಾಸ ಮಾಡಿ. ಎಷ್ಟು ವೇಗವಾಗಿ ಓದಬೇಕು, ಹೊಸ ಪ್ಯಾರಾಕ್ಕೆ ಏನು ಸನ್ನೆ, ಸಮಯವನ್ನು ಅರ್ಧ ಗಂಟೆಗೊಮ್ಮೆ ಹೇಳಬೇಕೋ ಬೇಡವೋ, ಇವೆಲ್ಲ ಅಲ್ಲೇ ತೀರ್ಮಾನವಾಗಲಿ. ಗಣಿತವಿದ್ದರೆ ‘ಆವರಣ ಶುರು’, ‘ಆವರಣ ಮುಗೀತು’ ಎಂದು ಬಾಯಿಬಿಟ್ಟು ಹೇಳುವ ರೂಢಿ ಬೇಕು. ಇಲ್ಲದಿದ್ದರೆ ‘ಎರಡು ಇಂಟು ಎಕ್ಸ್ ಪ್ಲಸ್ ಮೂರು’ ಎಂಬುದಕ್ಕೆ ಎರಡು ಅರ್ಥ. ಕನ್ನಡ ಪತ್ರಿಕೆಯಲ್ಲಿ ದನವೋ ಧನವೋ ಎಂಬ ಅನುಮಾನ ಬಂದರೆ ಕೇಳಿ, ಊಹಿಸಬೇಡಿ.

ಕೊಠಡಿಯಲ್ಲಿ ಮೊದಲು ಇಡೀ ಪತ್ರಿಕೆಯನ್ನು ಅಂಕಗಳ ಸಮೇತ ಓದಿ ಹೇಳಿ. ಬಹು ಆಯ್ಕೆ ಪ್ರಶ್ನೆಯಾದರೆ ನಾಲ್ಕೂ ಆಯ್ಕೆಗಳನ್ನು ಒಂದೇ ದನಿಯಲ್ಲಿ ಓದಬೇಕು. ನಿಮಗೆ ಉತ್ತರ ಗೊತ್ತಿದ್ದಾಗ ದನಿ ತಾನಾಗಿ ಏರುತ್ತದೆ, ಅದು ನಕಲಿಗೆ ಸಮ. ತಪ್ಪು ಉತ್ತರ ಹೇಳಿದರೂ ಹೇಳಿದ್ದನ್ನೇ ಬರೆಯಬೇಕು. ತಿದ್ದಬೇಕೆಂದು ಕೈ ತುರಿಸುತ್ತದೆ. ಆ ತುರಿಕೆಯನ್ನು ನಾಲ್ಕು ಗಂಟೆ ತಡೆದುಕೊಳ್ಳುವುದೇ ಈ ಕೆಲಸದ ಕಷ್ಟದ ಭಾಗ. ಮುಗಿದ ಉತ್ತರವನ್ನು ಕೇಳಿದರೆ ಮಾತ್ರ ಓದಿ ಹೇಳಿ. ಅಕ್ಕಪಕ್ಕದವರಿಗೆ ಕೇಳದಂತೆ ದನಿ ತಗ್ಗಿರಲಿ.

ಎಲ್ಲಕ್ಕಿಂತ ದೊಡ್ಡ ಅನಾಹುತ ಹಿಂದಿನ ರಾತ್ರಿ ‘ಬರೋಕಾಗಲ್ಲ’ ಎನ್ನುವುದು. ಬೇರೆ ಸ್ವಯಂಸೇವೆಯಲ್ಲಿ ಒಬ್ಬರು ತಪ್ಪಿಸಿಕೊಂಡರೆ ಕೆಲಸ ನಿಧಾನವಾಗುತ್ತದೆ, ಇಲ್ಲಿ ಒಬ್ಬರ ವರ್ಷವೇ ಹೋಗಬಹುದು. ಸಂಘಟಕರು ಬದಲಿಯೊಬ್ಬರ ಹೆಸರನ್ನು ಯಾವಾಗಲೂ ಕೈಯಲ್ಲಿಟ್ಟುಕೊಳ್ಳುವುದು ಇದಕ್ಕೇ.

ಈಗ ಹಿಂದಿರುಗಿ ನೋಡಿ. ತನ್ನ ಅಭಿಪ್ರಾಯ ಬೆರೆಸದೆ ಕೇಳಿಸಿಕೊಳ್ಳುವುದು, ಹೇಳಿದ್ದನ್ನು ಹೇಳಿದಂತೆ ದಾಖಲಿಸುವುದು, ಗಡಿಯಾರದ ಒತ್ತಡದಲ್ಲಿ ಶಾಂತವಾಗಿರುವುದು, ನಿಯಮದ ಕಾಗದ ಮೊದಲೇ ಓದುವುದು. ಆಸ್ಪತ್ರೆಯ ನೋಂದಣಿ ಕೌಂಟರ್, ಗ್ರಾಹಕ ಸೇವೆ, ಆಡಿಟ್, ನ್ಯಾಯಾಲಯದ ಬೆರಳಚ್ಚು, ಎಲ್ಲ ಕಡೆ ಕೇಳುವುದು ಇದನ್ನೇ. ‘ಸಂವಹನ ಕೌಶಲ’ ಎಂಬ ಸವಕಲು ಪದಕ್ಕೆ ಇಲ್ಲಿ ಮಾಂಸಮಜ್ಜೆ ಬರುತ್ತದೆ.

ಕೆಲಸ ಹುಡುಕುವವರಿಗೆ

ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2002ರಿಂದ 2012ರವರೆಗಿನ ನಿರುದ್ಯೋಗಿಗಳ ಮಾಹಿತಿ ನೋಡಿ, ಸ್ವಯಂಸೇವೆ ಮಾಡಿದವರಿಗೆ ಕೆಲಸ ಸಿಗುವ ‘ಆಡ್ಸ್’ ಶೇ. 27ರಷ್ಟು ಹೆಚ್ಚು ಎಂದಿತು. ಹೈಸ್ಕೂಲು ಮುಗಿಸದವರಲ್ಲಿ ಅದು ಶೇ. 51, ಗ್ರಾಮೀಣರಲ್ಲಿ ಶೇ. 55. ಆಡ್ಸ್ ಎಂದರೆ ಸಂಭವನೀಯತೆಯಲ್ಲ, ಕೆಲಸ ಸಿಕ್ಕವರಿಗೂ ಸಿಗದವರಿಗೂ ಇರುವ ಅನುಪಾತ. ಇಲ್ಲಿ ಹಲವರು ಎಡವುತ್ತಾರೆ. ನೂರರಲ್ಲಿ 50 ಜನಕ್ಕೆ ಕೆಲಸ ಸಿಗುತ್ತಿದ್ದರೆ ಆಡ್ಸ್ 1ಕ್ಕೆ 1. ಅದು 1.27 ಆದಾಗ ಕೆಲಸ ಸಿಗುವವರು ಸುಮಾರು 56, 77 ಅಲ್ಲ. ಇದು ಅಮೆರಿಕದ ಮಾಹಿತಿ, ನಮ್ಮಲ್ಲಿಯದಲ್ಲ. ಆದರೆ ಓದು ಕಡಿಮೆ ಇದ್ದವರಿಗೇ ಲಾಭ ಹೆಚ್ಚು ಎಂಬ ಓರೆ ಗಮನಿಸಿ: ಕೈಯಲ್ಲಿ ಪದವಿಯಿಲ್ಲದವರಿಗೆ ತಮ್ಮನ್ನು ಬಲ್ಲ, ತಮ್ಮ ಪರವಾಗಿ ಮಾತಾಡುವ ಒಬ್ಬರು ಸಿಗುವುದೇ ದೊಡ್ಡದು.

ರೆಸ್ಯೂಮೆಯಲ್ಲಿ ‘ಸಮಾಜಸೇವೆಯಲ್ಲಿ ಆಸಕ್ತಿ’ ಎಂದು ಬರೆದರೆ ಯಾರೂ ಕಣ್ಣು ನಿಲ್ಲಿಸುವುದಿಲ್ಲ. ‘ಜೂನ್‌ನಿಂದ ಮಾರ್ಚ್, ವಾರಕ್ಕೆ 2 ಗಂಟೆ, ಏಳನೇ ತರಗತಿಯ 14 ಮಕ್ಕಳಿಗೆ ಭಿನ್ನರಾಶಿ, ತಿಂಗಳಿಗೊಂದು ಕಿರುಪರೀಕ್ಷೆ ಸಿದ್ಧಪಡಿಸಿದ್ದು’ ಎಂದು ಬರೆದರೆ ಸಂದರ್ಶಕರಿಗೆ ಕೇಳಲು ನಾಲ್ಕು ಪ್ರಶ್ನೆ ಸಿಗುತ್ತವೆ. ಹೀಗೆ ಬರೆಯಬೇಕಾದರೆ ದಾಖಲೆ ಬೇಕು. ಒಂದು ನೋಟ್‌ಬುಕ್, ಪ್ರತಿ ಸಲ ಐದು ನಿಮಿಷ, ಅದೇ ಸಂಜೆ: ದಿನಾಂಕ, ಗಂಟೆ, ಮಾಡಿದ್ದು, ಕೈಕೊಟ್ಟಿದ್ದು, ಮುಂದಿನ ಸಲ ಬದಲಿಸಬೇಕಾದ್ದು. ನಾಲ್ಕನೆಯದನ್ನು ಬಿಡುವವರೇ ಹೆಚ್ಚು. ಸಂದರ್ಶನದಲ್ಲಿ ಉಪಯೋಗಕ್ಕೆ ಬರುವುದೂ ಅದೇ. ಪ್ರಮಾಣಪತ್ರ ಕೇಳುವಾಗ ‘ಭಾಗವಹಿಸಿದ್ದಾರೆ’ ಎಂಬ ಅಚ್ಚು ಹಾಳೆ ಬೇಡ, ಕೆಲಸ, ಅವಧಿ, ಒಟ್ಟು ಗಂಟೆ, ಮೇಲ್ವಿಚಾರಕರ ಹುದ್ದೆ ಇರುವ ಪತ್ರ ಕೇಳಿ.

ಕೆಲಸದಲ್ಲಿರುವವರಿಗೆ, ಕಂಪನಿಗೆ

ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ನೌಕರರು ಸ್ವಯಂಸೇವೆಗೆ ಕೊಟ್ಟ ಗಂಟೆಗಳಿಗೆ ಬೆಲೆ ಕಟ್ಟಿ ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹಾಗಾದರೆ ಕಂಪನಿಗಳು ಯಾಕೆ ಇದನ್ನು ನಡೆಸುತ್ತವೆ? ನೌಕರರು ಉಳಿಯಲಿ, ಬೇರೆ ಬೇರೆ ವಿಭಾಗದವರು ಪರಸ್ಪರ ಪರಿಚಯವಾಗಲಿ, ಹೆಸರೂ ಬರಲಿ ಎಂದು. ಜೆಸ್ಸಿಕಾ ರೋಡೆಲ್ ಅವರ 2013ರ ಸಂಶೋಧನೆ ಇನ್ನೊಂದು ಕಾರಣ ಕೊಡುತ್ತದೆ. ದಿನದ ಕೆಲಸದಲ್ಲಿ ಅರ್ಥ ಕಾಣದವರು ಅದನ್ನು ಸ್ವಯಂಸೇವೆಯಲ್ಲಿ ಹುಡುಕುತ್ತಾರೆ, ಆದರೆ ಅದರಿಂದ ಕಚೇರಿ ಕೆಲಸದ ಗಮನ ಕುಗ್ಗುವುದಿಲ್ಲ, ತಲ್ಲೀನತೆ ಹೆಚ್ಚೇ ಆಗುತ್ತದೆ. ಸಮಯವಿಲ್ಲ ಎನ್ನುವ ಮೇಲಧಿಕಾರಿಗೆ ಕೊಡಲು ಒಳ್ಳೆಯ ಉತ್ತರ.

ಸೋಲುವ ಮಾದರಿ ಎಲ್ಲರಿಗೂ ಗೊತ್ತಿರುವುದೇ: ನಲವತ್ತು ಜನ ಶನಿವಾರ ಬಸ್ಸಿನಲ್ಲಿ ಬಂದು ಸರ್ಕಾರಿ ಶಾಲೆಗೆ ಬಣ್ಣ ಹೊಡೆಯುವುದು. ಗೋಡೆ ಕೆರೆದು, ಪ್ರೈಮರ್ ಹಚ್ಚಿ, ಒಣಗಿಸಿ, ಎರಡು ಕೋಟ್ ಮುಗಿಸಲು ಒಂದು ದಿನ ಸಾಲದು. ಹಾಗಾಗಿ ಕೆರೆಯದ ಗೋಡೆಗೇ ಬಣ್ಣ ಬೀಳುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಳೆ ಏಳುತ್ತದೆ. ಒಂದು ಕೊಠಡಿಗೆ ಐದಾರು ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಉಳಿದವರು ಸೆಲ್ಫಿಗೆ. ಶಿಕ್ಷಕರು ಪಾಠ ಬಿಟ್ಟು ಅತಿಥಿ ಸತ್ಕಾರಕ್ಕೆ. ನೌಕರರು ಕಲಿತದ್ದೂ ಅಷ್ಟರಲ್ಲೇ ಇದೆ.

ಅದೇ ಕಂಪನಿಯ ಲೆಕ್ಕಪತ್ರ ವಿಭಾಗದ ಇಬ್ಬರು ಮೂರು ತಿಂಗಳು, ವಾರಕ್ಕೆ ಎರಡು ಗಂಟೆ, ಒಂದು ಚಿಕ್ಕ ಟ್ರಸ್ಟಿನ ಕ್ಯಾಶ್ ಬುಕ್, ವೋಚರ್, ದೇಣಿಗೆ ರಸೀದಿ ಸರಿಮಾಡಿಕೊಟ್ಟರೆ ಟ್ರಸ್ಟಿಗೆ ಆಡಿಟ್ ಸಲೀಸು. ನೌಕರರಿಗೂ ತಮ್ಮ ಪರಿಭಾಷೆ ಬಾರದವರಿಗೆ ಲೆಕ್ಕ ವಿವರಿಸುವ ಅಭ್ಯಾಸವಾಗುತ್ತದೆ. ಟಾಟಾ ಸಮೂಹದ ಪ್ರೊಎಂಗೇಜ್ ಈ ದಾರಿಯದು: ಕೆಲಸ ಬಿಡದೆ, ಬಿಡುವಿನ ವೇಳೆಯಲ್ಲಿ, ಆರು ತಿಂಗಳವರೆಗೆ ತನ್ನದೇ ವೃತ್ತಿಯ ಕೌಶಲ ಕೊಡುವುದು. ಶುರುವಿಗೆ ಮೊದಲು ಒಂದು ಪುಟದ ಒಪ್ಪಂದವಿರಲಿ. ಏನು ಮುಗಿಸಿಕೊಡುತ್ತೇವೆ, ಯಾವ ದಿನಾಂಕಕ್ಕೆ, ಅಲ್ಲಿ ನಮ್ಮನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಅದರಲ್ಲಿರಬೇಕು. ಕೊನೆಯದು ಇಲ್ಲದೆ ಹೋದರೆ ಮೂರನೇ ವಾರದಿಂದ ಫೋನ್ ಎತ್ತುವವರಿರುವುದಿಲ್ಲ.

ಬಿಡುವ ಕ್ರಮ

ಪರೀಕ್ಷೆ, ವರ್ಗಾವಣೆ, ಮದುವೆ, ಮಗು, ಬಿಡುವ ಕಾಲ ಎಲ್ಲರಿಗೂ ಬರುತ್ತದೆ. ಹೇಳದೆ ಜಾರಿಕೊಳ್ಳುವವರು ಎರಡು ವರ್ಷದಲ್ಲಿ ಗಳಿಸಿದ ಹೆಸರನ್ನು ಎರಡು ವಾರದಲ್ಲಿ ಕಳೆದುಕೊಳ್ಳುತ್ತಾರೆ. ಒಂದು ತಿಂಗಳು ಮೊದಲೇ ತಿಳಿಸಿ. ಬರುವವರ ಜೊತೆ ಕನಿಷ್ಠ ಎರಡು ಸಲ ಒಟ್ಟಿಗೆ ಕೆಲಸ ಮಾಡಿ. ಬೀಗದ ಕೈ, ಹಾಜರಿ ಪುಸ್ತಕ, ಮಕ್ಕಳ ಮನೆಯವರ ಫೋನ್ ನಂಬರುಗಳನ್ನು ಸಂಸ್ಥೆಗೆ ಒಪ್ಪಿಸಿ ನಿಮ್ಮ ಮೊಬೈಲಿನಿಂದ ಅಳಿಸಿ. ಪಾಠ ಹೇಳುವವರಾಗಿದ್ದರೆ ಕೊನೆಯ ದಿನ ಯಾವುದೆಂದು ಮಕ್ಕಳಿಗೆ ನೀವೇ ಹೇಳಬೇಕು, ಮುಂದಿನ ವಾರ ಖಾಲಿ ಕುರ್ಚಿ ನೋಡಿ ಅವರೇ ತಿಳಿದುಕೊಳ್ಳುವಂತೆ ಆಗಬಾರದು.