ನೋಂದಣಿಯಾದರೂ ಮುಗಿಯದ ಪ್ರಶ್ನೆ: ಬೆಂಗಳೂರಿನ ಆಸ್ತಿ ವ್ಯಾಜ್ಯಗಳು ಮತ್ತು ಸಿವಿಲ್ ವಕೀಲರ ಬದಲಾದ ವೃತ್ತಿ

ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದುಪಡಿಸಿತು. ಆಸ್ತಿ ಮಾರುವವರು ತಮ್ಮ ಹಕ್ಕಿಗೆ ಆಧಾರವಾದ ಹಿಂದಿನ ಮೂಲಪತ್ರವನ್ನು ಹಾಜರುಪಡಿಸದಿದ್ದರೆ ಉಪನೋಂದಣಾಧಿಕಾರಿಯು ಕ್ರಯಪತ್ರವನ್ನು ನೋಂದಾಯಿಸಲು ನಿರಾಕರಿಸಬಹುದೆಂದು ಆ ನಿಯಮ ಹೇಳುತ್ತಿತ್ತು. 1908ರ ನೋಂದಣಿ ಕಾಯ್ದೆ ಅಂಥ ಅಧಿಕಾರವನ್ನು ಕೊಟ್ಟೇ ಇಲ್ಲ, ಮಾರುವವರಿಗೆ ಹಕ್ಕಿದೆಯೇ ಇಲ್ಲವೇ ಎಂಬುದು ಉಪನೋಂದಣಾಧಿಕಾರಿಯ ಪರಿಶೀಲನೆಗೆ ಸೇರಿದ ವಿಷಯವಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಮುದ್ರಾಂಕ ಶುಲ್ಕ ಕಟ್ಟಿ, ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಬಂದ ಕೂಡಲೇ ನಿವೇಶನಕ್ಕೆ ಸರ್ಕಾರವೇ ಖಾತರಿ ಕೊಟ್ಟಿದೆ ಎಂದು ನಂಬಿರುವ ಸಾವಿರಾರು ಕುಟುಂಬಗಳು ನಮ್ಮಲ್ಲಿವೆ. ನೋಂದಣಿಯಿಂದ ವ್ಯವಹಾರ ದಾಖಲಾಗುತ್ತದೆ, ಹಕ್ಕು ಸಾಬೀತಾಗುವುದಿಲ್ಲ. ಈ ಅಂತರದಲ್ಲಿಯೇ ಬೆಂಗಳೂರಿನ ಸಿವಿಲ್ ವಕೀಲರ ಹಲವು ತಲೆಮಾರುಗಳ ವೃತ್ತಿ ಬೆಳೆದಿದೆ. ಕಳೆದ ಐವತ್ತು ವರ್ಷಗಳಲ್ಲಿ ಆ ವೃತ್ತಿ ಹೇಗೆಲ್ಲ ಬದಲಾಯಿತೆಂದು ನೋಡಿದರೆ ನಗರ ಬೆಳೆದ ಬಗೆಯೂ ತಿಳಿಯುತ್ತದೆ.

ಮುಂಬೈ, ಕೋಲ್ಕತ್ತ, ಚೆನ್ನೈ ಹೈಕೋರ್ಟ್‌ಗಳಿಗೆ ಇರುವಂತೆ ಸಿವಿಲ್ ದಾವೆಗಳನ್ನು ನೇರವಾಗಿ ವಿಚಾರಣೆ ಮಾಡುವ ಮೂಲ ಅಧಿಕಾರವ್ಯಾಪ್ತಿ ಕರ್ನಾಟಕ ಹೈಕೋರ್ಟ್‌ಗೆ ಇಲ್ಲ. 1979ರ ಕಾಯ್ದೆಯಡಿ ರೂಪುಗೊಂಡ ಸಿಟಿ ಸಿವಿಲ್ ನ್ಯಾಯಾಲಯವೇ ನಗರದ ಬಹುತೇಕ ಆಸ್ತಿ ದಾವೆಗಳ ಆರಂಭದ ಮೆಟ್ಟಿಲು. ಹೀಗಾಗಿ ಸಾಕ್ಷಿಯ ಪಾಟಿಸವಾಲು, ದಾಖಲೆ ಗುರುತಿಸುವುದು, ಕೋರ್ಟ್ ಕಮಿಷನರ್ ಜೊತೆ ಸ್ಥಳಕ್ಕೆ ಹೋಗಿ ಚಕ್ಕುಬಂದಿ ಅಳೆಸುವುದು ಮೊದಲಾದ ವಿಚಾರಣಾ ಕೆಲಸವನ್ನೆಲ್ಲ ಇಲ್ಲಿನ ವಕೀಲರು ಕೆಂಪೇಗೌಡ ರಸ್ತೆಯ ನ್ಯಾಯಾಲಯ ಸಂಕೀರ್ಣದಲ್ಲಿಯೇ ಕಲಿತರು. ಬಾಡಿಗೆ ವ್ಯಾಜ್ಯಗಳದು ಬೇರೆಯೇ ದಾರಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು 14 ಚದರ ಮೀಟರ್ ಮೀರಿದ ವಾಣಿಜ್ಯ ಮಳಿಗೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅದರಿಂದಾಗಿ ನಗರದ ಬಹುಪಾಲು ಅಂಗಡಿ, ಕಚೇರಿಗಳ ತೆರವಿನ ಪ್ರಕರಣಗಳು ಆಸ್ತಿ ಹಸ್ತಾಂತರ ಕಾಯ್ದೆಯ 106ನೇ ಕಲಮಿನ ಹದಿನೈದು ದಿನಗಳ ನೋಟಿಸಿನಿಂದಲೇ ಆರಂಭವಾಗುತ್ತವೆ.

ಬೆಂಗಳೂರಿನ ಆಸ್ತಿ ವ್ಯಾಜ್ಯದ ಮುಖ್ಯ ಬೇರು ರೆವಿನ್ಯೂ ನಿವೇಶನಗಳಲ್ಲಿ, ಅಂದರೆ ಪರಿವರ್ತನೆಯಾಗದ ಕೃಷಿಭೂಮಿಯಲ್ಲಿ ಮಾಡಿದ ನಿವೇಶನಗಳಲ್ಲಿ, ಇದೆ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯು ಉಳುವವನಿಗೆ ಭೂಮಿ ಕೊಡಿಸಿತು; ಅದರ ಜೊತೆಗೇ ಕೃಷಿಕರಲ್ಲದವರು ಮತ್ತು ನಿಗದಿತ ಮಿತಿಗಿಂತ ಹೆಚ್ಚು ಕೃಷಿಯೇತರ ಆದಾಯವಿದ್ದವರು ಕೃಷಿಭೂಮಿ ಕೊಳ್ಳದಂತೆ 79ಎ ಮತ್ತು 79ಬಿ ಕಲಮುಗಳ ಮೂಲಕ ತಡೆಯಿತು. ಅದೇ ದಶಕದಲ್ಲಿ, 1976ರಲ್ಲಿ, ಹಿಂದಿನ ನಗರ ಸುಧಾರಣಾ ಟ್ರಸ್ಟ್ ಮಂಡಳಿಯ (ಸಿಐಟಿಬಿ) ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಸಾರ್ವಜನಿಕ ಉದ್ದಿಮೆಗಳಿಗೆ ಕೆಲಸಕ್ಕೆ ಬಂದವರ ಸಂಖ್ಯೆಗೆ ತಕ್ಕಷ್ಟು ನಿವೇಶನಗಳನ್ನು ಪ್ರಾಧಿಕಾರದಿಂದ ಒದಗಿಸಲಾಗಲಿಲ್ಲ. ಆ ಕೊರತೆಯನ್ನು ಊರಂಚಿನ ರೈತರ ಜಮೀನು ತುಂಬಿತು. ಭೂಪರಿವರ್ತನೆಯೂ ಇಲ್ಲದೆ, ನಕ್ಷೆಗೆ ಮಂಜೂರಾತಿಯೂ ಇಲ್ಲದೆ, ಪಹಣಿಯಲ್ಲಿ ಇನ್ನೂ ರಾಗಿ ಹೊಲವೆಂದೇ ನಮೂದಾಗಿದ್ದ ಜಾಗದಲ್ಲಿ ಮೂವತ್ತು ನಲವತ್ತರ ನಿವೇಶನಗಳು ಮಾರಾಟವಾದವು. ಕ್ರಯಪತ್ರ ಮಾಡಿಸಲು ಬಾರದ ಕಡೆ ಕರಾರು ಪತ್ರ, ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಸಾಮಾನ್ಯ ಅಧಿಕಾರ ಪತ್ರ), ಅಫಿಡವಿಟ್ ಮತ್ತು ಕೆಲವೊಮ್ಮೆ ಉಯಿಲು, ಇವೆಲ್ಲ ಒಟ್ಟಾಗಿ ಕ್ರಯಪತ್ರದ ಸ್ಥಾನವನ್ನು ಹಿಡಿದವು.

ಈ ಕಾಗದಗಳ ಕಟ್ಟು ಎಷ್ಟು ದುರ್ಬಲವೆಂಬುದು ಕೊಂಡವರಿಗೆ ತಿಳಿಯುತ್ತಿದ್ದುದು ಬಹಳ ತಡವಾಗಿ. ಜಿಪಿಎ ಕೊಟ್ಟ ರೈತ ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ಕೊನೆಗೊಳ್ಳುತ್ತದೆ. ಅವರ ಮಕ್ಕಳು ಪಹಣಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಅದೇ ಜಮೀನನ್ನು ಎಕರೆ ಲೆಕ್ಕದಲ್ಲಿ ಮತ್ತೊಬ್ಬರಿಗೆ ಮಾರುತ್ತಾರೆ. ಹೊಸದಾಗಿ ಕೊಂಡವರ ಕೈಯಲ್ಲಿ ನೋಂದಾಯಿತ ಕ್ರಯಪತ್ರವಿರುತ್ತದೆ. ಇಪ್ಪತ್ತು ವರ್ಷದಿಂದ ಶೀಟಿನ ಮನೆ ಕಟ್ಟಿಕೊಂಡವರ ಕೈಯಲ್ಲಿ ಸ್ವಾಧೀನ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೀಗೆ ಸಿಕ್ಕಿಬಿದ್ದವರು ಮಾಡಿದ ತಪ್ಪು ಸಣ್ಣದು, ತೆತ್ತ ಬೆಲೆ ಮಾತ್ರ ಒಂದು ಜೀವಮಾನದ ಉಳಿತಾಯ. ಈ ಅಸಮತೋಲನವನ್ನು ನಮ್ಮ ಕಾನೂನು ವ್ಯವಸ್ಥೆ ಇಂದಿಗೂ ಸರಿಯಾಗಿ ಎದುರಿಸಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಅಂಥವರು ವಕೀಲರ ಬಳಿ ಬಂದಾಗ ಹೂಡಲಾಗುತ್ತಿದ್ದುದು ಹೆಚ್ಚಾಗಿ ಬರೀ ಶಾಶ್ವತ ನಿರ್ಬಂಧಕಾಜ್ಞೆಯ ದಾವೆ. ಅದರ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರ ಅಡಿ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ. ಇದಕ್ಕೆ ನ್ಯಾಯಾಲಯ ಶುಲ್ಕದ ಕಾರಣವೂ ಇತ್ತು. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ ಪ್ರಕಾರ ಹಕ್ಕು ಘೋಷಣೆ ಮತ್ತು ಅದಕ್ಕೆ ಹೊಂದಿದ ತಡೆಯಾಜ್ಞೆ ಕೇಳಿದರೆ ಆಸ್ತಿಯ ಮಾರುಕಟ್ಟೆ ಮೌಲ್ಯದ ಅರ್ಧವನ್ನು ಲೆಕ್ಕಕ್ಕೆ ಹಿಡಿದು ಶುಲ್ಕ ಕಟ್ಟಬೇಕು; ತಡೆಯಾಜ್ಞೆ ಮಾತ್ರ ಕೇಳಿದರೆ ಸಾವಿರ ರೂಪಾಯಿ ಮೌಲ್ಯ ತೋರಿಸಿದರೂ ಸಾಕಾಗುತ್ತಿತ್ತು. ಹಕ್ಕಿನ ಪ್ರಶ್ನೆಯನ್ನು ಎತ್ತದೆ ಸ್ವಾಧೀನವನ್ನಷ್ಟೇ ಕಾಪಾಡಿಕೊಳ್ಳುವ ಈ ದಾವೆಗಳಿಂದ ಒಂದು ತಲೆಮಾರಿನ ವಕೀಲರ ಕಚೇರಿಗಳು ನಡೆದವು. ತಾತ್ಕಾಲಿಕ ಆಜ್ಞೆ ಸಿಕ್ಕರೆ ಪ್ರಕರಣ ಅರ್ಧ ಗೆದ್ದಂತೆ ಎಂಬ ಭಾವನೆ ಆಗ ಬೇರೂರಿತು. ಮುಂದಿನ ವಿಳಂಬಕ್ಕೆ ಆ ಭಾವನೆಯೂ ಒಂದು ಕಾರಣ.

ಸೊಸೈಟಿ ನಿವೇಶನಗಳ ಕಥೆ ಇದಕ್ಕೆ ಸಮಾನಾಂತರವಾಗಿ ನಡೆಯಿತು. 1980ರ ದಶಕದಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳಿಗಾಗಿ ಸರ್ಕಾರ ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡಿತು. ಜಮೀನು ಕೊಡಿಸಲು ಸಂಘಗಳು ಮಧ್ಯವರ್ತಿಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ಜಿ.ವಿ.ಕೆ. ರಾವ್ ಅವರ ವಿಚಾರಣಾ ವರದಿಯಲ್ಲಿ ಸಂಘಗಳ ಅಕ್ರಮಗಳು ಹೊರಬಿದ್ದವು. ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಭೂಸ್ವಾಧೀನವನ್ನೇ ಅಸಿಂಧುವೆಂದು ತೀರ್ಮಾನಿಸಿತು. ಸದಸ್ಯರು ಕಟ್ಟಿದ ಹಣ ಒಂದೆಡೆಯಾದರೆ ರೈತರ ಹಕ್ಕು ಇನ್ನೊಂದೆಡೆ. ಈ ಎರಡರ ನಡುವಿನ ದಾವೆಗಳು ಆ ತೀರ್ಪಿನ ನಂತರವೂ ವರ್ಷಗಟ್ಟಲೆ ನಡೆದವು.

ಇಷ್ಟೆಲ್ಲ ಗೋಜಲಿನಲ್ಲಿ ದಿಕ್ಕು ತೋರಿದ ತೀರ್ಪುಗಳಲ್ಲಿ ಹಲವನ್ನು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ವಕೀಲರಾಗಿದ್ದ ಅವರು 1993ರಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿಯಾದರು. 2005ರಿಂದ 2011ರವರೆಗೆ ಸುಪ್ರೀಂ ಕೋರ್ಟ್‌ನಲ್ಲಿದ್ದರು. ಈ ಅವಧಿಯ ಅವರ ತೀರ್ಪುಗಳನ್ನು ಸಾಲಾಗಿ ಓದಿದರೆ ಸಿವಿಲ್ ನ್ಯಾಯಾಲಯದ ದಿನನಿತ್ಯದ ಕಷ್ಟವನ್ನು ಹತ್ತಿರದಿಂದ ಬಲ್ಲವರು ಬರೆದವು ಎಂಬುದು ಎದ್ದು ಕಾಣುತ್ತದೆ. ವಾದಿಯ ಹಕ್ಕಿನ ಮೇಲೆ ಗಂಭೀರ ಸಂಶಯದ ಛಾಯೆ ಇದ್ದಾಗ ಬರೀ ತಡೆಯಾಜ್ಞೆಯ ದಾವೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕು ಎಂದು 2008ರ ತೀರ್ಪೊಂದು ವಿವರಿಸಿತು. ಆಂಧ್ರದಿಂದ ಬಂದ ಮೇಲ್ಮನವಿಯಾದರೂ ಬೆಂಗಳೂರಿನ ನ್ಯಾಯಾಲಯಗಳಲ್ಲಿ ಅದರ ಉಲ್ಲೇಖವಿಲ್ಲದ ತಡೆಯಾಜ್ಞೆ ವಾದ ಈಗ ಅಪರೂಪ. ಅರ್ಕಾವತಿ ಬಡಾವಣೆಗೆ 16 ಹಳ್ಳಿಗಳ 2,750 ಎಕರೆಗೆ 2004ರಲ್ಲಿ ಹೊರಟ ಅಂತಿಮ ಅಧಿಸೂಚನೆಯ ವಿವಾದವೂ 2010ರಲ್ಲಿ ಅವರಿದ್ದ ಪೀಠದ ಮುಂದೆ ತೀರ್ಮಾನವಾಯಿತು.

ಅವುಗಳಲ್ಲೆಲ್ಲ ಹೆಚ್ಚು ಪರಿಣಾಮ ಬೀರಿದ್ದು ಅವರ ನಿವೃತ್ತಿಗೆ ಕೆಲವೇ ದಿನಗಳ ಮೊದಲು, 2011ರ ಅಕ್ಟೋಬರ್ 11ರಂದು ಬಂದ ಸೂರಜ್ ಲ್ಯಾಂಪ್ ತೀರ್ಪು. ಹರಿಯಾಣದಿಂದ ಬಂದ ಆ ಪ್ರಕರಣದಲ್ಲಿ ಕರಾರು ಪತ್ರ, ಜಿಪಿಎ ಮತ್ತು ಉಯಿಲಿನ ಮೂಲಕ ನಡೆಯುವ ‘ಮಾರಾಟ’ದಿಂದ ಸ್ಥಿರಾಸ್ತಿಯ ಹಕ್ಕು ವರ್ಗಾವಣೆಯಾಗದು, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ನ್ಯಾಯಾಲಯ ಹೇಳಿತು. ಹೀಗೆ ಕೊಂಡವರು ಕರಾರಿನ ನಿರ್ದಿಷ್ಟ ಪಾಲನೆಗೆ ದಾವೆ ಹೂಡಲು ಅಡ್ಡಿಯಿಲ್ಲವೆಂದೂ, ಬಂಧುಗಳಿಗೆ ಅಥವಾ ಜಂಟಿ ಅಭಿವೃದ್ಧಿಗಾಗಿ ಡೆವಲಪರ್‌ಗೆ ಪ್ರಾಮಾಣಿಕವಾಗಿ ಕೊಟ್ಟ ಜಿಪಿಎಗೆ ಬಾಧಕವಿಲ್ಲವೆಂದೂ ತೀರ್ಪು ಸೇರಿಸಿತು. ಆ ಎರಡನೆಯ ಮಾತು ಬೆಂಗಳೂರಿಗೆ ಬಹಳ ಮುಖ್ಯವಾಗಿತ್ತು. ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ದೊಡ್ಡ ಪಾಲು ಎದ್ದಿರುವುದು ಜಂಟಿ ಅಭಿವೃದ್ಧಿ ಒಪ್ಪಂದದ ಮೇಲೆಯೇ: ಜಮೀನು ಮಾಲೀಕರದು, ಕಟ್ಟುವ ಖರ್ಚು ಬಿಲ್ಡರ್‌ನದು, ಫ್ಲ್ಯಾಟ್‌ಗಳ ಹಂಚಿಕೆ ಒಪ್ಪಂದದಂತೆ. ಬಿಲ್ಡರ್ ಒಪ್ಪಂದದಂತೆ ಕಟ್ಟಿಕೊಡದಿದ್ದರೆ ಜಮೀನಿನ ಮಾಲೀಕರೂ ಗ್ರಾಹಕರೆನಿಸಿ ಗ್ರಾಹಕ ವೇದಿಕೆಗೆ ಹೋಗಬಹುದೆಂದು 2008ರಲ್ಲಿಯೇ ತೀರ್ಪು ಕೊಟ್ಟವರೂ ರವೀಂದ್ರನ್ ಅವರೇ.

ಅಪಾರ್ಟ್‌ಮೆಂಟ್ ಯುಗ ಬಂದ ಮೇಲೆ ವಕೀಲರ ಕೆಲಸದ ತೂಕ ನ್ಯಾಯಾಲಯದಿಂದ ಕಚೇರಿಯತ್ತ ವಾಲಿತು. ಬ್ಯಾಂಕ್ ಸಾಲ ಕೊಡುವ ಮುನ್ನ ಲೀಗಲ್ ಒಪಿನಿಯನ್ ಕೇಳುತ್ತದೆ. ಅದನ್ನು ಬರೆಯುವವರು ಮೂಲಪತ್ರ, ಇಸಿ (ಋಣಭಾರ ಪತ್ರ), ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಪರಿವರ್ತನಾ ಆದೇಶ, ಖಾತಾ, ಮಂಜೂರಾದ ನಕ್ಷೆ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಓದಬೇಕು. ಏಕೆಂದರೆ ಈ ದಾಖಲೆಗಳನ್ನು ಬೇರೆ ಬೇರೆ ಇಲಾಖೆಗಳು ಕೊಡುತ್ತವೆ, ಮತ್ತು ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಹಕ್ಕಿನ ಅಂತಿಮ ಪುರಾವೆಯಲ್ಲ. ಆ ಜಮೀನು ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ವಿಚಾರಿಸಬೇಕು. ಹೌದಾದರೆ ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಪೂರ್ವಾನುಮತಿ ಇಲ್ಲದ ಮಾರಾಟ ಅನೂರ್ಜಿತ; ಜಮೀನು ಮರಳಿ ಕೊಡಿಸುವಂತೆ ಎಷ್ಟು ಕಾಲದ ನಂತರ ಅರ್ಜಿ ಹಾಕಬಹುದೆಂಬ ಪ್ರಶ್ನೆಯಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ಮಿತಿಯನ್ನು ತೆಗೆದುಹಾಕಲು ರಾಜ್ಯ ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದಿತು. ಆ ತಿದ್ದುಪಡಿಯ ಹಿಂದಿನ ಸಾಮಾಜಿಕ ನ್ಯಾಯದ ಕಾಳಜಿ ನಿಜವಾದದ್ದು. ಆದರೆ ನಾಲ್ಕನೆಯ ಕೈಗೆ ಬಂದ ಫ್ಲ್ಯಾಟ್ ಕೊಂಡ ಕುಟುಂಬಕ್ಕೆ ಆ ಮಂಜೂರಾತಿಯ ಸುಳಿವನ್ನು ಕೊಡುವ ಸುಲಭ ದಾಖಲೆಯೂ ಇರಬೇಕಿತ್ತು.

ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯೂ ಇದೇ ಪರಿಶೀಲನೆಗೆ ಸೇರಿತು. ಕರ್ನಾಟಕ 1994ರಲ್ಲಿಯೇ, ಅದಾಗಲೇ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ಧರಿಸಿತು. ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ ಮಾರಾಟಗಳು ಹೀಗೆ ವಿಭಾಗ ದಾವೆಗಳಿಗೆ ಈಡಾದವು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಮಾರಾಟಗಳಿಗೆ ಕಾನೂನೇ ರಕ್ಷಣೆ ಕೊಟ್ಟಿದೆ. ಆ ದಿನಾಂಕದ ನಂತರದ ವ್ಯವಹಾರಗಳಲ್ಲಿ ಮನೆಯ ಹೆಣ್ಣುಮಕ್ಕಳ ಸಹಿಯಿಲ್ಲದ ಕ್ರಯಪತ್ರಕ್ಕೆ ಎಚ್ಚರವುಳ್ಳ ಯಾವ ವಕೀಲರೂ ಹಸಿರು ನಿಶಾನೆ ತೋರಿಸುವುದಿಲ್ಲ.

ಕಳೆದ ಹತ್ತು ವರ್ಷಗಳಲ್ಲಿ ಕಾನೂನು ಹೊಸ ವೇದಿಕೆಗಳನ್ನು ಒಂದರ ಮೇಲೊಂದರಂತೆ ಸೃಷ್ಟಿಸಿತು. 2015ರ ಅಕ್ಟೋಬರ್‌ನಿಂದ ಜಾರಿಯಾದ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಮೊದಲು ಒಂದು ಕೋಟಿ ರೂಪಾಯಿ ಮೇಲ್ಪಟ್ಟ ವಿವಾದಗಳಿಗಷ್ಟೇ ಅನ್ವಯಿಸುತ್ತಿತ್ತು; 2018ರಲ್ಲಿ ಆ ಮಿತಿ ಮೂರು ಲಕ್ಷಕ್ಕೆ ಇಳಿಯಿತು. ಪ್ರತಿವಾದಿ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ತುರ್ತು ಪರಿಹಾರದ ಅಗತ್ಯವಿಲ್ಲದ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ‘ಸಮಯ ಬೇಕು ಸ್ವಾಮಿ’ ಎಂದು ಮುಂದಿನ ದಿನಾಂಕ ಪಡೆಯುತ್ತಿದ್ದ ಅಭ್ಯಾಸಕ್ಕೆ ಇಲ್ಲಿ ಜಾಗ ಕಡಿಮೆ. ಜಮೀನಿನ ಪ್ರಕರಣಗಳೆಲ್ಲ ಈ ವೇಗದ ದಾರಿಗೆ ನುಗ್ಗುವ ಪ್ರಯತ್ನ ನಡೆದಾಗ, 2019ರ ಅಂಬಾಲಾಲ್ ಸಾರಾಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಎ.ಎಸ್. ಬೋಪಣ್ಣ ಮತ್ತು ಆರ್. ಭಾನುಮತಿ ಅವರ ಪೀಠ ಗೆರೆ ಎಳೆಯಿತು: ಆಸ್ತಿ ವಾಸ್ತವವಾಗಿ ವ್ಯಾಪಾರ, ವಾಣಿಜ್ಯಕ್ಕೆ ಬಳಕೆಯಲ್ಲಿರಬೇಕು, ಮುಂದೆಂದೋ ಬಳಸುವ ಉದ್ದೇಶ ಸಾಲದು.

ಫ್ಲ್ಯಾಟ್ ಕೊಂಡವರ ಪಾಲಿಗೆ ದೊಡ್ಡ ತಿರುವು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಅದಕ್ಕೂ ಮುನ್ನ, 1993ರಲ್ಲಿಯೇ, ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಿಂದ ವಸತಿ ನಿರ್ಮಾಣ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿತ್ತು. 2016ರ ರೇರಾ ಕಾಯ್ದೆಯು ಯೋಜನೆಗಳ ನೋಂದಣಿಯನ್ನು, ಗ್ರಾಹಕರಿಂದ ಬಂದ ಹಣದ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡುವುದನ್ನು ಕಡ್ಡಾಯ ಮಾಡಿತು. ತಡವಾದರೆ ಬಡ್ಡಿ ಸಮೇತ ಹಣ ವಾಪಸ್ ಕೇಳುವ ಹಕ್ಕನ್ನು ಕೊಟ್ಟಿತು. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ನಡೆಯುತ್ತಿದ್ದ ಕೆಲವು ಬಗೆಯ ಯೋಜನೆಗಳನ್ನು ಅವು ಹೊರಗಿಟ್ಟದ್ದು ಖರೀದಿದಾರರಲ್ಲಿ ಅಸಮಾಧಾನ ಮೂಡಿಸಿತು. 2018ರಲ್ಲಿ ದಿವಾಳಿ ಸಂಹಿತೆಗೆ ತಂದ ತಿದ್ದುಪಡಿಯಿಂದ ಮನೆ ಖರೀದಿದಾರರು ಹಣಕಾಸು ಸಾಲದಾತರ ಸ್ಥಾನ ಪಡೆದರು. ಒಂದೇ ಫ್ಲ್ಯಾಟಿನ ವಿಳಂಬಕ್ಕೆ ರೇರಾ, ಗ್ರಾಹಕ ಆಯೋಗ, ದಿವಾಳಿ ಪ್ರಕರಣಗಳನ್ನು ನೋಡುವ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ಎಂಬ ಮೂರು ಬಾಗಿಲುಗಳು ತೆರೆದಿರುವಾಗ ಯಾವುದನ್ನು ತಟ್ಟಬೇಕೆಂದು ಸಲಹೆ ಕೊಡುವುದೇ ಈಗ ವಕೀಲರ ಮೊದಲ ಕೆಲಸವಾಗಿದೆ.

ಆದರೆ ಆದೇಶ ಕೈಗೆ ಬಂದ ಮೇಲೆ ಅದನ್ನು ಜಾರಿ ಮಾಡಿಸುವುದು ಇನ್ನೊಂದು ಹೋರಾಟ. ರೇರಾ ಆದೇಶದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಆ ಕಡತ ಕಂದಾಯ ಇಲಾಖೆಯಲ್ಲಿ ನಿಧಾನವಾಗಿ ಸಾಗುತ್ತದೆ. ಸಿವಿಲ್ ಡಿಕ್ರಿಯ, ಅಂದರೆ ದಾವೆಯ ಅಂತಿಮ ತೀರ್ಮಾನದ ಆದೇಶದ, ಸ್ಥಿತಿ ಇದಕ್ಕಿಂತ ಉತ್ತಮವಲ್ಲ. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನದೇ ಒಂದು ಆಸ್ತಿ ವಿವಾದ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಗೆದ್ದವರು ಒಂದು ದಶಕಕ್ಕೂ ಮೀರಿ ಅಮಲ್ಜಾರಿಗಾಗಿ ಕಾದದ್ದನ್ನು ಕಂಡ ನ್ಯಾಯಾಲಯವು ದೇಶದ ಎಲ್ಲ ಸಿವಿಲ್ ನ್ಯಾಯಾಲಯಗಳಿಗೂ ನಿರ್ದೇಶನ ನೀಡಿತು. ಅಮಲ್ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು ಎಂಬುದು ಅದರಲ್ಲಿ ಹೆಚ್ಚು ಪ್ರಚಾರ ಪಡೆದ ಅಂಶ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದೇ ತೀರ್ಪಿನ ಆರಂಭದ ನಿರ್ದೇಶನಗಳು: ಸ್ವಾಧೀನ ಕೇಳುವ ದಾವೆಯಲ್ಲಿ ಆಸ್ತಿಯ ಮೇಲೆ ಮೂರನೆಯವರ ಹಕ್ಕೇನಾದರೂ ಇದೆಯೇ ಎಂದು ನ್ಯಾಯಾಲಯ ಮೊದಲೇ ಉಭಯ ಪಕ್ಷಗಳನ್ನು ವಿಚಾರಿಸಬೇಕು, ಅಂಥವರನ್ನು ಆಗಲೇ ದಾವೆಗೆ ಸೇರಿಸಬೇಕು, ಸೂಕ್ತ ಪ್ರಕರಣದಲ್ಲಿ ಕಮಿಷನರ್ ನೇಮಿಸಿ ಆಸ್ತಿಯ ನಿಖರ ವಿವರ ಪಡೆಯಬೇಕು. ಡಿಕ್ರಿಯಾದ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರ ನಿಯಮ 97ರ ಅಡಿ, ಸ್ವಾಧೀನ ಬಿಟ್ಟುಕೊಡಲು ಒಪ್ಪದವರಿಂದ ಹುಟ್ಟುವ ಆಕ್ಷೇಪಣೆಗಳು ಇನ್ನೊಂದು ಪೂರ್ಣ ದಾವೆಯಷ್ಟೇ ಕಾಲ ತಿನ್ನುವುದರಿಂದ, ಈ ಕೆಲಸವನ್ನು ದಾವೆಯ ಮೊದಲ ದಿನಗಳಲ್ಲಿಯೇ ಮಾಡಿಸುವಂತೆ ಒತ್ತಾಯಿಸುವ ಹೊಣೆ ವಾದಿಯ ವಕೀಲರ ಮೇಲಿದೆ.