ಚಾರ್ಮಾಡಿ ಏರುವಾಗ ಜೀಪು ಯಾಕೆ ಕುದಿಯಿತು?

ನಮ್ಮ ಮನೆಯ ಹಳೆಯ ಡೀಸೆಲ್ ಜೀಪು ಊರೊಳಗೆ ಓಡುವಾಗ ಯಾವ ತಕರಾರೂ ಮಾಡುತ್ತಿರಲಿಲ್ಲ. ಮೂಡಿಗೆರೆಗೆ ಹೋಗಿ ಬರುತ್ತಿತ್ತು. ಮಳೆಗಾಲದ ಕೆಸರಲ್ಲೂ ತೋಟದೊಳಗೆ ಓಡಾಡುತ್ತಿತ್ತು. ಆದರೆ ಉಜಿರೆಯಿಂದ ಗೊಬ್ಬರದ ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತಲು ಶುರು ಮಾಡಿದರೆ ಸಾಕು, ಅರ್ಧ ದಾರಿಗೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಅಪ್ಪ ತಿರುವಿನ ಪಕ್ಕ ಗಾಡಿ ನಿಲ್ಲಿಸಿ, ಬಂಡೆಯಿಂದ ಇಳಿಯುವ ನೀರನ್ನು ಕ್ಯಾನಿಗೆ ಹಿಡಿದುಕೊಂಡು, ಎಂಜಿನ್ ಆರುವವರೆಗೆ ಕಾಯುತ್ತಿದ್ದರು.

ಗ್ಯಾರೇಜಿಗೆ ಬಿಟ್ಟೆವು. ಒಬ್ಬರು ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಕಿತ್ತು ಹಾಕಿದರು. ಇನ್ನೊಬ್ಬರು ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿದರು. ಮೂರನೆಯ ಸಲ ವಾಟರ್ ಪಂಪೇ ಹೊಸದಾಯಿತು. ಪ್ರತಿ ಸಲವೂ ಗ್ಯಾರೇಜಿನ ಅಂಗಳದಲ್ಲಿ ಅರ್ಧ ಗಂಟೆ ಎಂಜಿನ್ ಓಡಿಸಿಟ್ಟು, ಅಲುಗಾಡದ ಮುಳ್ಳು ತೋರಿಸಿ, ‘ಸರಿಯಾಯ್ತು ನೋಡಿ’ ಅಂದರು. ಪ್ರತಿ ಸಲವೂ ಘಾಟಿಯಲ್ಲಿ ಮತ್ತೆ ಕುದಿಯಿತು.

ಅವರು ಮೋಸ ಮಾಡಲಿಲ್ಲ. ಆದರೆ ಡೀಸೆಲ್ ಎಂಜಿನ್ ನಿಂತಲ್ಲೇ ಓಡುವಾಗ ತನ್ನ ಕಾಯಿಲೆಯನ್ನು ತೋರಿಸುವುದೇ ಇಲ್ಲ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಸೈಕಲ್ ಪಂಪ್ ಹೊಡೆದರೆ ತುದಿ ಬಿಸಿಯಾಗುತ್ತದಲ್ಲ, ಅದೇ ಕತೆ. ಇಲ್ಲಿ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಗಾಳಿಗೆ ಡೀಸೆಲ್ ಸಿಂಪಡಿಸಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಹಳೆಯ ಡೀಸೆಲ್ ಎಂಜಿನ್‌ಗಳು ಐಡ್ಲಿಂಗ್ ಇರಲಿ, ಏರು ಇರಲಿ, ಪ್ರತಿ ಸಲವೂ ಸಿಲಿಂಡರ್ ತುಂಬ ಗಾಳಿ ಎಳೆದುಕೊಳ್ಳುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಬದಲಾಗುವುದು ಡೀಸೆಲ್‌ನ ಅಳತೆ ಮಾತ್ರ. ನಿಂತಲ್ಲೇ ಓಡುವಾಗ ಅಷ್ಟು ಗಾಳಿಗೆ ಬೀಳುವುದು ಒಂದು ಚೂರು ಡೀಸೆಲ್. ಬೆಂಕಿ ಸಣ್ಣದು, ಬಿಸಿಯೂ ಕಡಿಮೆ. ಮೂರು ಜನರಿಗೆ ಚಹಾ ಕಾಯಿಸಿ ನೋಡಿ, ಮದುವೆ ಮನೆಯ ಒಲೆ ಸರಿಯಿದೆ ಅಂತ ಹೇಳಿದ ಹಾಗೆ.

ಹಾಗಾದರೆ ಘಾಟಿಯಲ್ಲಿ ಎಷ್ಟು ಬಿಸಿ ಹುಟ್ಟುತ್ತದೆ? ಸುಮ್ನೆ ಒಂದು ಲೆಕ್ಕ ಹಾಕೋಣ. ಮೂಟೆ, ಜನ ಎಲ್ಲ ಸೇರಿ ಜೀಪಿನ ತೂಕ 2 ಟನ್ ಇರಲಿ. ಘಾಟಿಯಲ್ಲಿ ಏರುವ ಎತ್ತರ 700 ಮೀಟರ್ ಅಂದುಕೊಳ್ಳಿ. ಇಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 14 ಮೆಗಾಜೂಲ್. ಎಂಜಿನ್ ತಾನು ಸುಡುವ ಡೀಸೆಲ್‌ನ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲನ್ನಷ್ಟೇ ಚಕ್ರಕ್ಕೆ ಕೊಡುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ರೇಡಿಯೇಟರ್ ನೀರಿಗೆ ಇಳಿಯುತ್ತದೆ. ಅಂದರೆ ಗಾಡಿಯನ್ನು ಮೇಲೆತ್ತಲು ಹೋದಷ್ಟೇ ಶಕ್ತಿ, ಸುಮಾರು 14 ಮೆಗಾಜೂಲ್, ನೀರಿಗೂ ಬಂತು ಅನ್ನಿ. ಇಷ್ಟರಲ್ಲಿ 40 ಲೀಟರ್‌ಗೂ ಜಾಸ್ತಿ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಬಚ್ಚಲ ಮನೆಯ ಹಂಡೆ ನೆನಪಿಸಿಕೊಳ್ಳಿ. ಜೀಪಿನೊಳಗೆ ಇರುವುದು ಹತ್ತು ಲೀಟರ್ ಆಸುಪಾಸಿನ ನೀರು. ಅದು ಕುದಿಯದೆ ಮೇಲೆ ತಲುಪಬೇಕಾದರೆ, ಹುಟ್ಟಿದ ಬಿಸಿ ಹುಟ್ಟಿದ ಹಾಗೆ ಗಾಳಿಗೆ ಹೋಗುತ್ತಲೇ ಇರಬೇಕು. ಎರಡನೇ ಗೇರಿನಲ್ಲಿ ನಿಧಾನ ಏರುವ ಗಾಡಿಗೆ ಎದುರು ಗಾಳಿಯೂ ಸಿಗುವುದಿಲ್ಲ. ಇರುವುದು ಫ್ಯಾನ್ ಒಂದೇ.

ರುಡಾಲ್ಫ್ ಡೀಸೆಲ್ ಅವರು ತಮ್ಮ ಎಂಜಿನ್‌ಗೆ ನೀರಿನ ತಂಪು ಬೇಕಾಗುವುದೇ ಇಲ್ಲ ಅಂತ ಮೊದಲು ನಂಬಿದ್ದರು. ಬಿಸಿಯನ್ನೆಲ್ಲ ಕೆಲಸಕ್ಕೆ ಹಚ್ಚಬಹುದು ಅನ್ನುವುದು ಅವರ ಕನಸು. ಆದರೆ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಎಲ್ಲರ ಎದುರು ಗೆದ್ದ ಅವರ ಎಂಜಿನ್‌ಗೆ ನೀರಿನ ಜಾಕೆಟ್ ಇತ್ತು. ಇಂಧನದ ಶಕ್ತಿಯಲ್ಲಿ ಶೇಕಡಾ 26ರಷ್ಟನ್ನು ಅದು ಕೆಲಸವಾಗಿ ತಿರುಗಿಸಿತು. ಆ ಕಾಲಕ್ಕೆ ದೊಡ್ಡ ಸಾಧನೆಯೇ. ಆದರೂ ಉಳಿದ ಮುಕ್ಕಾಲು ಪಾಲು ಬಿಸಿಗೆ ಹೊರದಾರಿ ಮಾಡಲೇಬೇಕಾಯಿತು. ಸಿಲಿಂಡರ್ ಒಳಗೆ ಉರಿಯುವ ಅನಿಲ 2000 ಡಿಗ್ರಿ ಆಸುಪಾಸು. ಪಿಸ್ಟನ್ ಮಾಡುವ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ನಡುವೆ ತಂಪು ಇಲ್ಲದಿದ್ದರೆ ಎಂಜಿನ್ ತನ್ನನ್ನು ತಾನೇ ತಿಂದುಕೊಳ್ಳುತ್ತದೆ.

ನಮ್ಮ ಜೀಪಿನ ಕಾಯಿಲೆ ಕಂಡುಹಿಡಿದವರು ಉಜಿರೆ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು. ಅವರು ಏನನ್ನೂ ಬಿಚ್ಚಲಿಲ್ಲ. ಮೊದಲು ಕೇಳಿದ್ದು, ‘ಯಾವಾಗ ಹೀಟ್ ಆಗುತ್ತದೆ? ನಿಂತಾಗಲೋ, ಏರುವಾಗಲೋ?’ ಆಮೇಲೆ ಅಪ್ಪನ ಜೊತೆ ಒಂದಷ್ಟು ದೂರ ಘಾಟಿಯಲ್ಲಿ ಓಡಿಸಿ ತಂದರು. ಬಾನೆಟ್ ತೆಗೆದು, ರೇಡಿಯೇಟರ್ ಕೆಳಗಿನ ಹೋಸ್ ಪೈಪಿಗೆ ಟಾರ್ಚ್ ಬಿಟ್ಟು, ನನ್ನ ಕಡೆ ತಿರುಗಿ, ‘ಆಕ್ಸಿಲರೇಟರ್ ಒತ್ತಿ ಮಾರಾಯ್ರೆ, ಬಿಡಬೇಡಿ’ ಅಂದರು. ಒತ್ತಿ ಹಿಡಿದೆ. ಆಮೇಲೆ ನನ್ನ ಜಾಗಕ್ಕೆ ಅಪ್ಪನನ್ನು ಕೂರಿಸಿ, ನನ್ನನ್ನು ಕರೆದು ತೋರಿಸಿದರು. ಎಂಜಿನ್ ಜೋರಾದಂತೆ ಆ ದಪ್ಪ ರಬ್ಬರ್ ಪೈಪು ಚಪ್ಪಟೆಯಾಗುತ್ತಿತ್ತು, ಹೀರಿ ಬಿಟ್ಟ ಮಾವಿನ ಹಣ್ಣಿನ ಹಾಗೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಮತ್ತೆ ದುಂಡಗೆ!

ನನಗೆ ಆ ಕ್ಷಣ ಎಲ್ಲ ಅರ್ಥವಾಗಿಬಿಟ್ಟಿತು. ನೀರು ತಿರುಗುವ ದಾರಿ ಹೀಗೆ: ರೇಡಿಯೇಟರ್‌ನಲ್ಲಿ ತಣ್ಣಗಾದ ನೀರು ಕೆಳಗಿನ ಹೋಸ್ ಮೂಲಕ ಪಂಪಿಗೆ ಬರುತ್ತದೆ. ಪಂಪ್ ಅದನ್ನು ಎಂಜಿನ್ ಬ್ಲಾಕ್‌ಗೆ ತಳ್ಳುತ್ತದೆ. ಸಿಲಿಂಡರ್ ಸುತ್ತ ಹರಿದು, ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ದಾಟಿ, ಬಿಸಿಯಾಗಿ ಮೇಲಿನ ಹೋಸ್‌ನಿಂದ ವಾಪಸು ರೇಡಿಯೇಟರ್‌ಗೆ. ಪಂಪ್ ಹೀರುವ ಬಾಯಿ ಇರುವುದು ಕೆಳಗಿನ ಹೋಸ್ ತುದಿಯಲ್ಲಿ. ಇಡೀ ಸುತ್ತಿನಲ್ಲಿ ಒತ್ತಡ ಅತ್ಯಂತ ಕಡಿಮೆ ಇರುವ ಜಾಗ ಅದು. ಎಂಜಿನ್ ವೇಗ ಹೆಚ್ಚಿದಷ್ಟೂ ಪಂಪಿನ ಎಳೆತ ಹೆಚ್ಚು. ಪೈಪು ಒಳಕ್ಕೆ ಬೀಳದಿರಲಿ ಅಂತಲೇ ಅದರೊಳಗೆ ಒಂದು ತಂತಿಯ ಸ್ಪ್ರಿಂಗ್ ಇರುತ್ತದೆ. ನಮ್ಮದರಲ್ಲಿ ಅದು ತುಕ್ಕು ಹಿಡಿದು ಪುಡಿಯಾಗಿತ್ತು. ಹಾಗಾಗಿ ನೀರು ಅತ್ಯಂತ ಜಾಸ್ತಿ ಬೇಕಾದ ಹೊತ್ತಿಗೆ ಸರಿಯಾಗಿ ದಾರಿ ಮುಚ್ಚಿಕೊಳ್ಳುತ್ತಿತ್ತು. ನಿಂತಲ್ಲೇ ಓಡುವಾಗ ಪೈಪು ದುಂಡಗೇ ಇರುತ್ತಿತ್ತು. ಹೊಸ ಪಂಪ್ ಹಾಕಿದ್ದು ಸಹಾಯ ಮಾಡುವುದಿರಲಿ, ಇನ್ನೂ ಚೆನ್ನಾಗಿ ಹೀರಿ ಪೈಪನ್ನು ಇನ್ನಷ್ಟು ಅದುಮಿರಬೇಕು.

ಸ್ಪ್ರಿಂಗ್ ಒಂದೇ ಅಲ್ಲ, ರೇಡಿಯೇಟರ್ ಕ್ಯಾಪ್ ಕೂಡ ಸತ್ತಿತ್ತು. ಈ ಪುಟ್ಟ ಮುಚ್ಚಳವನ್ನು ಎಲ್ಲರೂ ಮರೆಯುತ್ತಾರೆ. ಅದು ಮಾಡುವುದು ಪ್ರೆಶರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ. ಸಾವಿರ ಮೀಟರ್ ಎತ್ತರದ ಊರಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಘಾಟಿ ಏರುತ್ತಾ ಹೋದಂತೆ ಕುದಿಯುವ ಬಿಂದು ನಮ್ಮ ವಿರುದ್ಧವೇ ಇಳಿಯುತ್ತಾ ಬರುತ್ತದೆ. ಕ್ಯಾಪ್ ಒಳಗಿನ ಸ್ಪ್ರಿಂಗ್ ಹೊರಗಿನ ಒತ್ತಡದ ಮೇಲೆ ಸುಮಾರು 0.9 ಬಾರ್‌ನಷ್ಟನ್ನು ಹಿಡಿದಿಟ್ಟರೆ ಅದೇ ನೀರು 115 ಡಿಗ್ರಿ ದಾಟಿದ ಮೇಲೂ ಕುದಿಯದೆ ಹರಿಯುತ್ತದೆ. ಕುದಿಯದಿರುವುದು ಮುಖ್ಯ. ಯಾಕೆಂದರೆ ಲೋಹಕ್ಕೆ ಅಂಟಿ ನಿಂತ ಹಬೆಯ ಪದರ ಬಿಸಿಯನ್ನು ನೀರಿನಂತೆ ಹೊತ್ತೊಯ್ಯುವುದಿಲ್ಲ. ಕ್ಯಾಪ್ ಒತ್ತಡ ಹಿಡಿದಿದ್ದರೆ ಕೆಳಗಿನ ಹೋಸ್ ಒಳಗೂ ಒತ್ತಡ ಉಳಿಯುತ್ತಿತ್ತು. ಸ್ಪ್ರಿಂಗ್ ಇಲ್ಲದೆಯೂ ಅದು ಅಷ್ಟು ಸುಲಭವಾಗಿ ಚಪ್ಪಟೆಯಾಗುತ್ತಿರಲಿಲ್ಲ. ಎರಡು ಸಣ್ಣ ಸ್ಪ್ರಿಂಗುಗಳ ಸೋಲು ಸೇರಿ ಇಡೀ ಜೀಪನ್ನು ನಿಲ್ಲಿಸಿದ್ದವು.

ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿದ್ದು ಯಾಕೆ? ನಾವು ಬರಿ ನೀರು ಹಾಕುತ್ತಿದ್ದೆವು. ಕೋಲಾರದ ಕಡೆ ಗಡಸು ಬೋರ್‌ವೆಲ್ ನೀರು ಹಾಕಿದರೆ ಬೇರೆ ತೊಂದರೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಎಂಜಿನ್ ಒಳಗೂ ಕಟ್ಟುತ್ತದೆ. ಸಕ್ಕರೆ ಬಿಸಿ ನೀರಲ್ಲಿ ಜಾಸ್ತಿ ಕರಗುತ್ತದೆ, ಈ ಸುಣ್ಣದ ಪದಾರ್ಥ ಉಲ್ಟಾ, ಬಿಸಿಯಾದಲ್ಲೇ ಕೂರುತ್ತದೆ. ಹಾಗಾಗಿ ತಂಪು ಎಲ್ಲಿ ಹೆಚ್ಚು ಬೇಕೋ ಅಲ್ಲೇ ಅದರ ಗೋಡೆ ಏಳುತ್ತದೆ. ಒಂದು ಮಿಲಿಮೀಟರ್ ಪದರ ಬಿಸಿಗೆ ಒಡ್ಡುವ ತಡೆ, ಎರಡು ಸೆಂಟಿಮೀಟರ್ ದಪ್ಪದ ಬೀಡು ಕಬ್ಬಿಣದ ತಡೆಗಿಂತ ಕಡಿಮೆಯಿಲ್ಲ. ನಮ್ಮ ಮಲೆನಾಡಿನ ನೀರು ಮೆದು, ಸುಣ್ಣ ಕಟ್ಟುವುದಿಲ್ಲ. ಆದರೆ ಗಾಳಿ ಕರಗಿದ ಆ ತಾಜಾ ನೀರು ಕಬ್ಬಿಣವನ್ನು ಚೆನ್ನಾಗಿ ತಿನ್ನುತ್ತದೆ. ಕುದಿದು ಚೆಲ್ಲಿದಾಗಲೆಲ್ಲ ಹೊಸ ನೀರು ಸುರಿಯುತ್ತಿದ್ದೆವಲ್ಲ, ಪ್ರತಿ ಕ್ಯಾನಿನ ಜೊತೆಗೂ ತುಕ್ಕಿಗೆ ಹೊಸ ಊಟ.

‘ನಮ್ಮಲ್ಲಿ ಹಿಮ ಬೀಳುತ್ತದಾ, ಕೂಲೆಂಟ್ ಯಾಕೆ?’ ಅಂತ ಕೇಳುವವರು ಬಹಳ ಜನ. ನಿಜ, ನೀರು ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟ್‌ನಲ್ಲಿರುವ ಗ್ಲೈಕಾಲ್, ಅದರ ಆ ಗುಣ ನಮಗೆ ಬೇಕಿಲ್ಲ. ಬಿಸಿ ಹೊರುವುದರಲ್ಲೂ ಬರಿ ನೀರೇ ಅದಕ್ಕಿಂತ ಮೇಲು. ಆದರೆ ಕೂಲೆಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ. ನನ್ನ ಪ್ರಕಾರ ನಮ್ಮ ಊರುಗಳಲ್ಲಿ ಅದಕ್ಕೆ ದುಡ್ಡು ಕೊಡಬೇಕಾದದ್ದು ಇವುಗಳಿಗಾಗಿಯೇ. ಡೀಸೆಲ್ ಗಾಡಿಗಂತೂ ಇನ್ನೂ ಒಂದು ಕಾರಣವಿದೆ. ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಓಡುವ ಲೈನರ್‌ನ ಹೊರಮೈಗೆ ನೀರು ನೇರವಾಗಿ ತಾಗುತ್ತಿರುತ್ತದೆ. ಪ್ರತಿ ಉರಿಗೂ ಪಿಸ್ಟನ್ ಪಕ್ಕಕ್ಕೆ ಹೊಡೆದು ಲೈನರ್ ಗಂಟೆಯಂತೆ ಕಂಪಿಸುತ್ತದೆ. ಗೋಡೆ ಒಳಕ್ಕೆ ಸರಿದಾಗ ಅದನ್ನು ತಾಗಿದ್ದ ನೀರಿನಲ್ಲಿ ಒತ್ತಡ ಕುಸಿದು ಸಣ್ಣ ಹಬೆಗುಳ್ಳೆಗಳು ಹುಟ್ಟುತ್ತವೆ. ಗೋಡೆ ವಾಪಸು ಬಂದಾಗ ಅವು ಒಡೆಯುತ್ತವೆ. ಒಡೆಯುವಾಗ ಸೂಜಿಯಂಥ ನೀರಿನ ಏಟು ಲೋಹಕ್ಕೆ ಬೀಳುತ್ತದೆ. ನಿಮಿಷಕ್ಕೆ ಸಾವಿರಾರು ಏಟು, ವರ್ಷಗಟ್ಟಲೆ. ಕೊನೆಗೆ ಉಕ್ಕಿನಂಥ ಗೋಡೆಯಲ್ಲಿ ಗುಂಡುಸೂಜಿ ತೂತು ಬಿದ್ದು, ನೀರು ಸಿಲಿಂಡರ್‌ಗೂ ಆಯಿಲ್‌ಗೂ ಸೇರುತ್ತದೆ. ನೀರು ಕಬ್ಬಿಣವನ್ನು ಗುಳ್ಳೆಗಳಿಂದ ಕೊರೆಯುತ್ತದೆ ಅಂದರೆ ನಂಬಲು ಕಷ್ಟ, ಅಲ್ವಾ? ಡೀಸೆಲ್ ಎಂಜಿನ್‌ಗೆಂದೇ ಮಾಡಿದ ಕೂಲೆಂಟ್ ಲೈನರ್ ಮೇಲೆ ತೆಳು ರಕ್ಷಣೆಯ ಪದರ ಕಟ್ಟುತ್ತದೆ. ಏಟು ಬೀಳುವುದು ಆ ಪದರಕ್ಕೆ, ಅದು ಮತ್ತೆ ಮತ್ತೆ ಬೆಳೆಯುತ್ತದೆ. ರಾಸಾಯನಿಕ ಮುಗಿಯುತ್ತಾ ಬರುವುದರಿಂದಲೇ ಕಂಪನಿ ಹೇಳಿದ ಅವಧಿಗೆ ಕೂಲೆಂಟ್ ಬದಲಿಸಬೇಕು. ಬಣ್ಣ ಚೆನ್ನಾಗಿದೆ ಅಂತ ಬಿಡಬಾರದು.

ಕಿತ್ತು ಹಾಕಿದ್ದ ಥರ್ಮೋಸ್ಟಾಟ್ ಜಾಗಕ್ಕೆ ಆ ಮೆಕ್ಯಾನಿಕ್ ಹೊಸದನ್ನು ಕೂರಿಸಿದರು. ಅದರೊಳಗೆ ಒಂದು ಚಿಟಿಕೆ ಮೇಣ ಇರುತ್ತದೆ. ಸುಮಾರು 82 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ಬಾಗಿಲು ತಳ್ಳುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ. ಕರೆಂಟ್ ಇಲ್ಲ, ವೈರ್ ಇಲ್ಲ. ಇದನ್ನು ತೆಗೆದರೆ ಎಂಜಿನ್ ಯಾವಾಗಲೂ ಅರೆಬಿಸಿಯಲ್ಲೇ ಓಡುತ್ತದೆ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮೈಲೇಜ್ ಇಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ರೇಡಿಯೇಟರ್ ತಪ್ಪಿಸಿ ಹೋಗುವ ಅಡ್ಡದಾರಿಯನ್ನೂ ಮುಚ್ಚುತ್ತದೆ. ಅಂಥ ಗಾಡಿಯಲ್ಲಿ ಅದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ತಣ್ಣಗಾಗದೆ ಎಂಜಿನ್ ಒಳಗೇ ಸುತ್ತುತ್ತದೆ. ತಂಪಿಗಾಗಿ ಮಾಡಿದ ಉಪಾಯದಿಂದಲೇ ಎಂಜಿನ್ ಇನ್ನಷ್ಟು ಬಿಸಿ.

ಅಷ್ಟು ಸಲ ಕುದಿದ ಎಂಜಿನ್‌ನ ಹೆಡ್ ಉಳಿದಿದೆಯಾ ಅನ್ನುವುದೇ ಅವರ ದೊಡ್ಡ ಚಿಂತೆಯಾಗಿತ್ತು. ಅಲ್ಯೂಮಿನಿಯಂ ಬಿಸಿಗೆ ಬೀಡು ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ 100 ಡಿಗ್ರಿ ಜಾಸ್ತಿ ಕಾದರೆ ಕೆಳಗಿನ ಬ್ಲಾಕ್‌ಗಿಂತ ಅರ್ಧ ಮಿಲಿಮೀಟರ್ ಹೆಚ್ಚು ಬೆಳೆಯಲು ನೋಡುತ್ತದೆ. ಬೋಲ್ಟುಗಳು ಬಿಡುವುದಿಲ್ಲ. ಹೆಡ್ ಬೆಂಡ್ ಆಗುತ್ತದೆ, ನಡುವಿನ ಗ್ಯಾಸ್ಕೆಟ್ ಸೀಳುತ್ತದೆ. ಸಿಲಿಂಡರ್ ಒಳಗಿನ ಒತ್ತಡ ನೀರಿನ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುವುದರಿಂದ ಉರಿದ ಅನಿಲ ನೀರಿಗೆ ನುಗ್ಗುತ್ತದೆ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಎಂಜಿನ್ ಶುರು ಮಾಡಿದರೆ ರೇಡಿಯೇಟರ್ ಬಾಯಲ್ಲಿ ನಿಲ್ಲದ ಗುಳ್ಳೆ ಕಾಣುತ್ತದೆ. ಆಯಿಲ್ ಕಡ್ಡಿ ಎಳೆದರೆ ಹಾಲು ಬೆರೆಸಿದ ಚಹಾದ ಬಣ್ಣ. ಸೈಲೆನ್ಸರ್‌ನಿಂದ ಬಿಳಿ ಹೊಗೆ. ನಮ್ಮ ಪುಣ್ಯ, ಯಾವುದೂ ಇರಲಿಲ್ಲ. ಹಬೆ ಕಂಡ ಕೂಡಲೇ ಅಪ್ಪ ಗಾಡಿ ನಿಲ್ಲಿಸುತ್ತಿದ್ದದ್ದೇ ಅದನ್ನು ಉಳಿಸಿತ್ತು.

ಘಾಟಿಯಲ್ಲಿ ಸಿಕ್ಕಿಕೊಂಡವರಿಗೆ ಎರಡು ಮಾತು ಹೇಳಲೇಬೇಕು. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡಕ್ಕೆ ಸುಮ್ಮನಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಒಂದು ಗಂಟೆ ಕಾಯಿರಿ, ಕಾದ ಎಂಜಿನ್ ಮೇಲೆ ತಣ್ಣೀರನ್ನೂ ಸುರಿಯಬೇಡಿ, ಲೋಹ ಬಿರಿಯುತ್ತದೆ. ಇನ್ನೊಂದು, ಕೆಂಪಿಗೆ ಹೋದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಇಳಿದರೆ ಖುಷಿಪಡಬೇಡಿ. ನೀರೆಲ್ಲ ಖಾಲಿಯಾಗಿ ಸೆನ್ಸರ್ ಬರಿ ಗಾಳಿಯಲ್ಲಿ ನಿಂತಿರಬಹುದು. ಆಗ ಒಂದು ಕಿಲೋಮೀಟರ್ ಓಡಿಸಿದರೂ ಎಂಜಿನ್ ಜಾಮ್ ಆಗುವ ಅಪಾಯವಿದೆ.

ಹೊಸ ಹೋಸ್, ಹೊಸ ಕ್ಯಾಪ್, ಥರ್ಮೋಸ್ಟಾಟ್, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್. ಎಲ್ಲ ಸೇರಿ ಆದ ಖರ್ಚು ನಾವು ಅದಕ್ಕೆ ಮೊದಲು ಪಂಪಿಗೆ ಕೊಟ್ಟಿದ್ದಕ್ಕಿಂತ ಕಡಿಮೆ. ಆ ಸಂಜೆಯೇ ಮೂಟೆ ಹೇರಿಕೊಂಡು ಹೊರಟೆವು. ಚಾರ್ಮಾಡಿ ಊರು ದಾಟುವಾಗ ಮುಳ್ಳು ನಡುಮಧ್ಯ. ಮೊದಲ ತಿರುವುಗಳಲ್ಲಿ ಒಂದು ಗೆರೆಯಷ್ಟು ಏರಿತು. ಮೇಣ ಪೂರ್ತಿ ಕರಗಿ ಬಾಗಿಲು ತೆರೆದಿದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ. ಅಲ್ಲಿಂದ ಮೇಲೆ ಅದು ಕದಲಲಿಲ್ಲ. ನಾವು ಸದಾ ನಿಲ್ಲುತ್ತಿದ್ದ ಬಂಡೆಯ ನೀರಿನ ಜಾಗವನ್ನು ಅಪ್ಪ ಮಾತಾಡದೆ ದಾಟಿದರು. ಕೊಟ್ಟಿಗೆಹಾರದ ಸಮತಟ್ಟು ರಸ್ತೆಗೆ ಬಂದ ಮೇಲೆ ಮುಳ್ಳು ಮತ್ತೆ ಆ ಒಂದು ಗೆರೆ ಕೆಳಗಿಳಿಯಿತು.